ಮರದ ಕೋಲೇ ರಸೀದಿಯಾಗಿದ್ದ ಕಾಲ

ಲೆಕ್ಕಪತ್ರದ ತಂತ್ರಾಂಶವೊಂದರ ಹೆಸರಿನಿಂದಾಗಿ ‘ಟ್ಯಾಲಿ’ ಎಂಬ ಪದವು ಇಂದು ನಮ್ಮ ಪ್ರತಿಯೊಂದು ಅಂಗಡಿಗೂ ಪರಿಚಿತವಾಗಿದೆ. ಆದರೆ ಈ ಪದದ ಮೂಲವು ಕಾಗದದಲ್ಲಾಗಲಿ, ಗಣಕಯಂತ್ರದಲ್ಲಾಗಲಿ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ಕತ್ತರಿಸಿದ ಕಡ್ಡಿ ಎಂಬ ಅರ್ಥವುಳ್ಳ ‘ತಾಲಿಯಾ’ ಎಂಬ ಶಬ್ದದಿಂದ ಅದು ಬಂದಿದೆ. ಇಂಗ್ಲೆಂಡಿನ ರಾಜ ಖಜಾನೆಯು ಸುಮಾರು ಏಳು ಶತಮಾನಗಳ ಕಾಲ ತಾನು ಸ್ವೀಕರಿಸಿದ ಹಣಕ್ಕೆ ಮರದ ಕೋಲನ್ನೇ ರಸೀದಿಯಾಗಿ ನೀಡುತ್ತಿತ್ತು.

ಕೋಲಿನ ರಚನೆ

ಸಾಮಾನ್ಯವಾಗಿ ಹೇಸಲ್ ಮರದ ಕೋಲನ್ನು ಇದಕ್ಕೆ ಬಳಸುತ್ತಿದ್ದರು. ಹಣದ ಮೊತ್ತಕ್ಕೆ ಅನುಗುಣವಾಗಿ ಅದರ ಮೇಲೆ ಕಚ್ಚುಗಳನ್ನು ಕೊರೆಯಲಾಗುತ್ತಿತ್ತು. 12ನೆಯ ಶತಮಾನದಲ್ಲಿ ಖಜಾನೆಯ ಅಧಿಕಾರಿ ರಿಚರ್ಡ್ ಫಿಟ್ಸ್‌ನೀಲ್ ದಾಖಲಿಸಿರುವಂತೆ, ಸಾವಿರ ಪೌಂಡಿಗೆ ಅಂಗೈಯಷ್ಟು, ನೂರು ಪೌಂಡಿಗೆ ಹೆಬ್ಬೆರಳಿನಷ್ಟು, ಇಪ್ಪತ್ತು ಪೌಂಡಿಗೆ ಕಿರುಬೆರಳಿನಷ್ಟು ಹಾಗೂ ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು ಅಗಲದ ಕಚ್ಚು ನಿಗದಿಯಾಗಿತ್ತು.

ಬಳಿಕ ಕೋಲನ್ನು ಉದ್ದಕ್ಕೆ ಸೀಳಲಾಗುತ್ತಿತ್ತು. ‘ಸ್ಟಾಕ್’ ಎಂಬ ಉದ್ದನೆಯ ಭಾಗವು ಹಣ ಕೊಟ್ಟವನಿಗೆ ಸೇರುತ್ತಿತ್ತು. ‘ಫಾಯಿಲ್’ ಎಂಬ ಗಿಡ್ಡ ಭಾಗವು ಖಜಾನೆಯಲ್ಲಿ ಉಳಿಯುತ್ತಿತ್ತು. ರಸೀದಿ ಪುಸ್ತಕದಲ್ಲಿ ನಾವು ಇಂದು ಕಾಣುವ ‘ಕೌಂಟರ್‌ಫಾಯಿಲ್’ ಎಂಬ ಹೆಸರು ಹಿಂದೆ ಈ ಮರದ ತುಂಡಿಗೂ ಇತ್ತು. ಒಬ್ಬನು ತನ್ನ ಭಾಗದಲ್ಲಿ ಹೊಸ ಕಚ್ಚು ಹಾಕಿದರೆ ಇನ್ನೊಬ್ಬನ ಭಾಗಕ್ಕೆ ಅದು ಹೊಂದುತ್ತಿರಲಿಲ್ಲ. ಬೇರೊಂದು ಕೋಲನ್ನು ತಂದರೆ ಮರದ ನಾರು ಕೂಡುತ್ತಿರಲಿಲ್ಲ. ಹೀಗಾಗಿ ಅಕ್ಷರ ಬಾರದವನೂ ತನ್ನ ಲೆಕ್ಕವನ್ನು ತಾನೇ ಪರೀಕ್ಷಿಸಬಹುದಾಗಿತ್ತು.

ಸಾಲಪತ್ರವಾದ ಕೋಲು

ಮುಂದೆ ಬರಲಿರುವ ತೆರಿಗೆಯ ಆಧಾರದ ಮೇಲೆ ಅರಸರು ತಮ್ಮ ಸಾಲಗಾರರಿಗೂ ಸರಕು ಪೂರೈಸಿದವರಿಗೂ ಕೋಲುಗಳನ್ನು ಕೊಡತೊಡಗಿದರು. ನಗದಿನ ಅಗತ್ಯವಿದ್ದವರು ಅವನ್ನು ಮುಖಬೆಲೆಗಿಂತ ಕಡಿಮೆ ದರಕ್ಕೆ ಇತರರಿಗೆ ಮಾರುತ್ತಿದ್ದರು. 1694ರಲ್ಲಿ ಸ್ಥಾಪನೆಯಾದ ಬ್ಯಾಂಕ್ ಆಫ್ ಇಂಗ್ಲೆಂಡ್ 1697ರಲ್ಲಿ ತನ್ನ ಬಂಡವಾಳವನ್ನು ಹೆಚ್ಚಿಸಿದಾಗ, ಹೊಸ ಷೇರು ಹಣದ ಐದರಲ್ಲಿ ನಾಲ್ಕು ಭಾಗವನ್ನು ಇಂತಹ ಕೋಲುಗಳ ರೂಪದಲ್ಲಿಯೇ ಸ್ವೀಕರಿಸಿತು.

ಫ್ರಾನ್ಸಿನಲ್ಲಿಯೂ ಈ ಪದ್ಧತಿಯಿತ್ತು. ಚಿಲ್ಲರೆಯಾಗಿ ಸರಕು ಕೊಟ್ಟು ಪಡೆಯುವವರ ನಡುವೆ ಪರಸ್ಪರ ಹೊಂದುವ ಕೋಲುಗಳು ಸಾಕ್ಷ್ಯವಾಗುತ್ತವೆಂದು 1804ರ ಫ್ರೆಂಚ್ ನಾಗರಿಕ ಸಂಹಿತೆಯು ಮಾನ್ಯ ಮಾಡಿತು.

ದುರಂತ ಅಂತ್ಯ

1782ರಲ್ಲಿ ಬ್ರಿಟಿಷ್ ಸಂಸತ್ತು ಕೋಲಿನ ಪದ್ಧತಿಯನ್ನು ರದ್ದುಪಡಿಸುವ ಶಾಸನವನ್ನು ಅಂಗೀಕರಿಸಿತು. ಆದರೆ ಅದು ಪೂರ್ಣವಾಗಿ ಜಾರಿಗೆ ಬಂದದ್ದು 1826ರಲ್ಲಿ. ಉಳಿದ ಹಳೆಯ ಕೋಲುಗಳ ರಾಶಿಯನ್ನು 1834ರ ಅಕ್ಟೋಬರ್ 16ರಂದು ಲಾರ್ಡ್ಸ್ ಸಭೆಯ ಒಲೆಗಳಲ್ಲಿ ಸುಡಲಾಯಿತು. ಒಲೆಯ ಅತಿಯಾದ ಶಾಖದಿಂದ ಹೊತ್ತಿದ ಬೆಂಕಿಯು ಸಂಸತ್ ಭವನದ ಬಹುಭಾಗವನ್ನು ಆಹುತಿ ತೆಗೆದುಕೊಂಡಿತು.

ವರ್ತಕರಿಗೆ ಪಾಠ

ಕೋಲು ಹೋದರೂ ಅದರ ತತ್ತ್ವ ಉಳಿದಿದೆ. ಒಬ್ಬನ ಕೈಯಲ್ಲಿ ಮಾತ್ರ ಇರುವ ಲೆಕ್ಕವು ಅರ್ಧ ಲೆಕ್ಕವೇ ಸರಿ. ಸರಕು ಮತ್ತು ಸೇವಾ ತೆರಿಗೆಯಲ್ಲಿ 2022ರ ಜನವರಿ 1ರಿಂದ, ಮಾರಾಟಗಾರನು ಸಲ್ಲಿಸಿದ ವಿವರದಲ್ಲಿ ಬಿಲ್ಲು ಕಾಣಿಸದಿದ್ದರೆ ಖರೀದಿದಾರನಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಎರಡು ತುಂಡುಗಳು ಕೂಡಲೇಬೇಕೆಂಬ ಹಳೆಯ ನಿಯಮವೇ ಇದು.

ಉದ್ದರಿ ವ್ಯಾಪಾರಕ್ಕೂ ಇದು ಅನ್ವಯಿಸುತ್ತದೆ. ಮಾರಿದ ಸರಕಿನ ಬಾಕಿಗೆ ದಾವೆ ಹೂಡಲು 1963ರ ಕಾಲಮಿತಿ ಅಧಿನಿಯಮದಂತೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಿದೆ. ಆ ಅವಧಿ ಮುಗಿಯುವ ಮುನ್ನ ಬಾಕಿದಾರನು ಸಾಲವನ್ನು ಒಪ್ಪಿ ಲಿಖಿತವಾಗಿ ಸಹಿ ಮಾಡಿದರೆ ಹೊಸ ಅವಧಿ ಆರಂಭವಾಗುತ್ತದೆ. ಆದುದರಿಂದ ಪ್ರತಿ ವರ್ಷಾಂತ್ಯಕ್ಕೆ ಗಿರಾಕಿಗಳಿಂದ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಪಡೆದು ಜೋಪಾನವಾಗಿಡುವುದು ಲೇಸು. ವಿಶ್ವಾಸವು ವ್ಯಾಪಾರದ ಜೀವಾಳವೆಂಬುದು ನಿಜ. ಆ ವಿಶ್ವಾಸವನ್ನು ಕಾಯುವುದು ಇಬ್ಬರ ಕೈಯಲ್ಲೂ ಇರುವ ದಾಖಲೆ.