ನೇರಪ್ರಸಾರ ಪಾಠಕ್ಕೆ ಮಕ್ಕಳು ಮರಳಿ ಬರುವುದು: ಕಟ್ಟೆಮಳಲವಾಡಿಗೆ ಒಂದು ಪಾಠ ಯೋಜನೆ

ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಈಗ ತರಗತಿಯ ಪಾಠದ ಜೊತೆಗೆ ಸಂಜೆ ಯೂಟ್ಯೂಬ್‌ನಲ್ಲಿ ನೇರ ಪಾಠ ನಡೆಸುವ ಉತ್ಸಾಹ ತೋರಿಸುತ್ತಾರೆ. ಮೊದಲ ದಿನ ಮಕ್ಕಳು ಕುತೂಹಲದಿಂದ ಬರುತ್ತಾರೆ. ಮೂರನೆಯ ವಾರವೂ ಅದೇ ಮಕ್ಕಳು ಬರಬೇಕಾದರೆ ಏನು ಮಾಡಬೇಕು? ಒಳ್ಳೆಯ ಕ್ಯಾಮೆರಾದಿಂದ ಅದು ಆಗುವುದಿಲ್ಲ. ಮಗು ಕೊಟ್ಟ ಉತ್ತರ ಮುಂದಿನ ಪಾಠದಲ್ಲಿ ಅದರ ಕಿವಿಗೆ ಮರಳಿ ಬೀಳಬೇಕು.

ಈ ವಿಷಯ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪ್ರೇಷಕ ಇಟ್ಟು ‘ಆಕಾಶವಾಣಿ’ ಆರಂಭಿಸಿದರು. ಇಂದು ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ‘ಜನಧ್ವನಿ’ ಸಮುದಾಯ ಬಾನುಲಿ ಇದೆ. ಇಂಥ ಬಾನುಲಿಗಳ ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ಸಿದ್ಧವಾಗಬೇಕೆಂದು ಸರ್ಕಾರದ ನೀತಿಯೇ ಹೇಳುತ್ತದೆ. ನೇರ ಪಾಠಕ್ಕೂ ಈ ಅಳತೆ ಹೊಂದುತ್ತದೆ.

ಮೊದಲು ಸಮಯ. ಕಟ್ಟೆಮಳಲವಾಡಿ ಹೊಗೆಸೊಪ್ಪಿನ ಊರು, ಹರಾಜು ಮಾರುಕಟ್ಟೆಯೂ ಅಲ್ಲೇ ಇದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು ಮುರಿಯುವ, ಬೇಯಿಸುವ ಕೆಲಸ. ಬ್ಯಾರನ್‌ಗೆ ಬೆಂಕಿ ಹಾಕಿದರೆ ಹಲವು ದಿನ ಹಗಲು ರಾತ್ರಿ ಒಬ್ಬರು ಕಾಯಲೇಬೇಕು. ಮನೆಯ ಒಂದೇ ಫೋನು ಕಾಯುವವರ ಜೇಬಿನಲ್ಲಿ ಹೋಗುತ್ತದೆ. ಆದ್ದರಿಂದ ಸಮಯ ಗೊತ್ತುಮಾಡುವ ಮುನ್ನ ಪೋಷಕರನ್ನು ಕೇಳಿ. ವಾರಕ್ಕೆ ಎರಡೇ ದಿನ ಇರಲಿ, ಇಪ್ಪತ್ತೇ ನಿಮಿಷ ಇರಲಿ, ಆದರೆ ಗೊತ್ತುಮಾಡಿದ ಹೊತ್ತು ತಪ್ಪಬಾರದು.

ಪಾಠ: ಉಷ್ಣದ ವರ್ಗಾವಣೆ. ವ್ಯಾಖ್ಯೆ ಬೇಡ, ಪ್ರಶ್ನೆಯಿಂದ ಆರಂಭಿಸಿ: “ಬ್ಯಾರನ್ ಒಲೆಗೆ ಸೌದೆ ಹಾಕುತ್ತಾರೆ. ಒಳಗಿರುವ ಸೊಪ್ಪಿಗೆ ಹೊಗೆ ತಾಕುವುದಿಲ್ಲ. ಹಾಗಾದರೆ ಶಾಖ ಹೇಗೆ ಮುಟ್ಟುತ್ತದೆ? ಮನೆಯಲ್ಲಿ ಅಪ್ಪನನ್ನೋ ಅಜ್ಜಿಯನ್ನೋ ಕೇಳಿ ಬನ್ನಿ.” ಬೆಂಕಿಯ ಹತ್ತಿರ ಹೋಗಲು ಮಾತ್ರ ಹೇಳಬೇಡಿ, ಕೇಳಿಕೊಂಡು ಬಂದರೆ ಸಾಕು. ಹೊಗೆಸೊಪ್ಪಿನ ಉದಾಹರಣೆ ಏಕೆ ಎಂದು ಕೆಲವು ಮಾರ್ಗದರ್ಶಕರು ಆಕ್ಷೇಪಿಸಬಹುದು. ಅದರ ಹಾನಿಯನ್ನೂ ಹೇಳೋಣ, ಆದರೆ ಮಕ್ಕಳು ದಿನವೂ ನೋಡುವ ಯಂತ್ರವನ್ನು ಬಿಟ್ಟು ಪಠ್ಯದ ಚಿತ್ರವನ್ನೇ ಹಿಡಿದು ಕೂರುವುದು ನಷ್ಟ.

ಎರಡನೆಯ ನೇರ ಪಾಠ ಮಕ್ಕಳ ಉತ್ತರಗಳಿಂದಲೇ ಶುರುವಾಗಲಿ. “ಕೊಳವೆ ಕಾಯುತ್ತದೆ ಸಾರ್” ಎಂದು ಒಬ್ಬ ಹುಡುಗಿ ಬರೆದಿದ್ದರೆ ಅದು ವಹನ. “ಬಿಸಿಗಾಳಿ ಮೇಲೇರುತ್ತದೆ” ಎಂದು ಇನ್ನೊಬ್ಬ ಹೇಳಿದ್ದರೆ ಅದು ಸಂವಹನ. ಕೊಳವೆಯ ಪಕ್ಕ ನಿಂತರೆ ಮುಖಕ್ಕೆ ತಾಗುವ ಝಳ ವಿಕಿರಣ. ಮೂರು ಪಾರಿಭಾಷಿಕ ಪದಗಳೂ ಅವರ ಮಾತಿನಿಂದಲೇ ಬಂದವು. ತಪ್ಪು ಉತ್ತರವನ್ನೂ ಓದಿ, ಆದರೆ ಹೆಸರು ಹೇಳದೆ.

ಉತ್ತರ ಬರುವುದು ಯಾವ ದಾರಿಯಿಂದ? ಲೈವ್ ಚಾಟ್ ಎಂದುಕೊಂಡಿದ್ದರೆ ಎಚ್ಚರ: ಮಕ್ಕಳಿಗಾಗಿ ಮಾಡಿದ್ದು ಎಂದು ಗುರುತಿಸಿದ ಪ್ರಸಾರದಲ್ಲಿ ಯೂಟ್ಯೂಬ್ ಚಾಟ್ ಅನ್ನೇ ಮುಚ್ಚುತ್ತದೆ. ಇದು ತೊಂದರೆಯಲ್ಲ, ಅನುಕೂಲ. ಶಾಲೆಯಲ್ಲಿ ಒಂದು ಪ್ರಶ್ನೆಪೆಟ್ಟಿಗೆ ಇಡಿ. ಫೋನಿಲ್ಲದ ಮಗುವಿನ ಚೀಟಿಯೂ ಅದರೊಳಗೆ ಬೀಳುತ್ತದೆ, ಮರುದಿನ ಗೆಳೆಯರಿಂದ “ನಿನ್ನ ಉತ್ತರ ಓದಿದರು ಕಣೇ” ಎಂದು ಅದಕ್ಕೆ ತಿಳಿಯುತ್ತದೆ. ಮೊಬೈಲ್‌ನಿಂದ ನೇರಪ್ರಸಾರ ಮಾಡಲು ಚಾನೆಲ್‌ಗೆ ಕನಿಷ್ಠ 50 ಚಂದಾದಾರರು ಬೇಕು. ಅಷ್ಟಾಗುವವರೆಗೆ ಶಾಲೆಯ ಕಂಪ್ಯೂಟರಿನ ವೆಬ್‌ಕ್ಯಾಮ್ ಬಳಸಿ. ಸಬ್‌ಸ್ಕ್ರೈಬ್ ಮಾಡಿ ಎಂದು ಬೇಡುತ್ತಾ ಮೊದಲ ಐದು ನಿಮಿಷ ಕಳೆಯುವ ಚಾಳಿ ಯಾರಿಂದ ಬಂತೋ, ಶಿಕ್ಷಕರಿಗೆ ಅದು ಒಪ್ಪುವುದಿಲ್ಲ.

ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಮಗುವಿನ ಮುಖ ತೋರಿಸಬಾರದು, ಪೂರ್ಣ ಹೆಸರನ್ನೂ ಹೇಳಬಾರದು. “ಎಂಟನೆಯ ತರಗತಿಯ ಕಿಟಕಿ ಬದಿಯ ಬೆಂಚಿನಿಂದ ಬಂದ ಉತ್ತರ” ಎಂದರೆ ಕೊಟ್ಟವರಿಗೆ ಗೊತ್ತಾಗುತ್ತದೆ.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ವೀಕ್ಷಣೆಗಳ ಒಟ್ಟು ಸಂಖ್ಯೆ ಬರೆಯುವುದು ಬೇಡ. ಮೊದಲ ವಾರ ಚೀಟಿ ಹಾಕಿದವರಲ್ಲಿ ಎಷ್ಟು ಮಂದಿ ಮೂರನೆಯ ವಾರವೂ ಹಾಕಿದರು ಎಂಬುದನ್ನು ಬರೆಯಿರಿ. ನಿಂತವರ ಪಟ್ಟಿಯನ್ನು ಪ್ರಶಿಕ್ಷಣಾರ್ಥಿಗೆ ಕೊಟ್ಟು ಕಾರಣ ವಿಚಾರಿಸಲು ಹೇಳಿ. ಹಲವರ ಮನೆಯಲ್ಲಿ ಆ ವಾರ ಬ್ಯಾರನ್ ಉರಿಯುತ್ತಿರಬಹುದು.