ಅಟ್ಟದ ಜಂತೆ ಮತ್ತು ಮನೆಯ ಬಿಸಿ

ಹೆಂಚಿನ ಮನೆಯ ಅಟ್ಟ ಕರಾವಳಿ, ಮಲೆನಾಡುಗಳ ವಾಚಕರಿಗೆ ಚಿರಪರಿಚಿತ. ಉತ್ತರ ಅಮೆರಿಕದ ಚಳಿಪ್ರದೇಶಗಳ ಮರದ ಮನೆಗಳಲ್ಲಿಯೂ ಅಟ್ಟವುಂಟು. ಆದರೆ ಅಲ್ಲಿನ ಅನೇಕ ಹಳೆಯ ಮನೆಗಳಲ್ಲಿ ಅಟ್ಟದ ಜಂತೆಗಳು ಕೆಳಗಿನ ಕೋಣೆಯ ಮುಚ್ಚಿಗೆಯನ್ನು ಹಿಡಿದಿಡಲು ಮಾತ್ರ ಸಾಕಾಗುವಂತಹವು. ಅಂತಹ ಅಟ್ಟದಲ್ಲಿ ಸಾಮಾನುಗಳನ್ನು ಇಡಬೇಕು, ಕೋಣೆಯ ಬಿಸಿಯೂ ಮೇಲಕ್ಕೆ ಸೋರಬಾರದು ಎಂದಾಗ ಎರಡು ಸಮಸ್ಯೆಗಳು ಏಳುತ್ತವೆ. ಎರಡಕ್ಕೂ ಪರಿಹಾರ ಬಹುಮಟ್ಟಿಗೆ ಒಂದೇ: ಜಂತೆಯ ಎತ್ತರವನ್ನು ಹೆಚ್ಚಿಸುವುದು.

ಮೊದಲು ಭಾರದ ವಿಚಾರವನ್ನು ನೋಡೋಣ. ಒಂದು ಅಡಿಪಟ್ಟಿಯನ್ನು ಎರಡು ಪುಸ್ತಕಗಳ ಮೇಲೆ ಮಲಗಿಸಿ ನಡುವೆ ಒತ್ತಿರಿ. ಅದು ಸುಲಭವಾಗಿ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗಿದಂತೆಯೇ ಕಾಣುವುದಿಲ್ಲ. ಇದಕ್ಕೆ ಕಾರಣವೇನು? ಬಾಗುವಿಕೆಯನ್ನು ಎದುರಿಸುವ ಬಿಗಿತವು ಅಗಲಕ್ಕೂ ಎತ್ತರದ ಘನಕ್ಕೂ ನೇರ ಅನುಪಾತದಲ್ಲಿರುತ್ತದೆ. ಪಟ್ಟಿಯ ಅಗಲ ೩೦ ಮಿ.ಮೀ., ದಪ್ಪ ೩ ಮಿ.ಮೀ. ಇದ್ದರೆ, ನಿಂತ ಪಟ್ಟಿಯು ಮಲಗಿದ ಪಟ್ಟಿಗಿಂತ ೧೦೦ ಪಟ್ಟು ಬಿಗಿಯಾಗಿರುತ್ತದೆ.

ಈ ನಿಯಮವನ್ನು ಜಂತೆಗೆ ಅನ್ವಯಿಸೋಣ. ಹಳೆಯ ಜಂತೆಯ ಎತ್ತರ ೧೪೦ ಮಿ.ಮೀ. ಎಂದಿರಲಿ. ಅದರ ಪಕ್ಕದಲ್ಲಿ ಅಷ್ಟೇ ದಪ್ಪದ, ಅಷ್ಟೇ ಎತ್ತರದ ಇನ್ನೊಂದನ್ನು ಜೋಡಿಸಿದರೆ ಬಿಗಿತ ಇಮ್ಮಡಿಯಾಗುವುದಷ್ಟೆ. ಹೊಸದರ ಎತ್ತರ ೨೩೫ ಮಿ.ಮೀ. ಇದ್ದರೆ ಅದೊಂದೇ ಹಳೆಯದಕ್ಕಿಂತ ಸುಮಾರು ೪.೭ ಪಟ್ಟು ಬಿಗಿಯಾಗಿರುತ್ತದೆ. ಮುರಿತವನ್ನು ಎದುರಿಸುವ ಬಲವು ಎತ್ತರದ ವರ್ಗವನ್ನು ಅನುಸರಿಸುವುದರಿಂದ ಅದು ೨.೮ ಪಟ್ಟಾಗುತ್ತದೆ. ಹೊಸ ಜಂತೆಯ ಎರಡು ತುದಿಗಳೂ ಗೋಡೆಗಳ ಮೇಲೆ ಕೂತಿರಬೇಕು. ಹೆಚ್ಚಿನ ಎತ್ತರ ಮೇಲ್ಮುಖವಾಗಿರಬೇಕು. ಅಮೆರಿಕದ ಕಟ್ಟಡ ನಿಯಮಗಳು ಬರಿಯ ಅಟ್ಟಕ್ಕೆ ಚದರ ಮೀಟರಿಗೆ ಸುಮಾರು ೫೦ ಕಿಲೋಗ್ರಾಂ, ಮಿತವಾಗಿ ಸಾಮಾನಿಡುವ ಅಟ್ಟಕ್ಕೆ ೧೦೦, ಮಲಗುವ ಕೋಣೆಗೆ ೧೫೦ರಷ್ಟು ಭಾರವನ್ನು ಲೆಕ್ಕ ಹಿಡಿಯುತ್ತವೆ. ಈ ಅಂತರವನ್ನು ಕಡೆಗಣಿಸಿ ಪೆಟ್ಟಿಗೆಗಳನ್ನು ಪೇರಿಸಿದರೆ ಕೆಳಗಿನ ಮುಚ್ಚಿಗೆ ಬಿರುಕು ಬಿಡುತ್ತದೆ, ಜಂತೆಯೇ ಮುರಿಯಲೂಬಹುದು.

ಇನ್ನು ಶಾಖದ ವಿಚಾರ. ನಿಶ್ಚಲವಾದ ಗಾಳಿ ಉತ್ತಮ ಶಾಖನಿರೋಧಕ. ಜಂತೆಗಳ ನಡುವೆ ಹರಡುವ ಗಾಜಿನ ಉಣ್ಣೆಯ ಎಳೆಗಳು ಗಾಳಿಯನ್ನು ಅಲುಗದಂತೆ ಹಿಡಿದಿಡುತ್ತವೆ. ಚಳಿಪ್ರದೇಶಗಳಲ್ಲಿ ಈ ಪದರಕ್ಕೆ ೩೦೦ ಮಿ.ಮೀ.ಗೂ ಮಿಕ್ಕಿದ ದಪ್ಪ ಬೇಕಾಗುತ್ತದೆ. ೧೪೦ ಮಿ.ಮೀ. ಜಂತೆಗಳ ಮೇಲೆ ಹಲಗೆ ಬಡಿದು ಅದನ್ನು ಅದುಮಿದರೆ ಗಾಳಿಯ ಪದರ ತೆಳುವಾಗಿ ಶಾಖ ಸೋರುತ್ತದೆ. ಎತ್ತರದ ಜಂತೆ ಉಣ್ಣೆಗೂ ಸ್ಥಳ ಕೊಡುತ್ತದೆ. ಆದರೆ ಮರವು ಗಾಜಿನ ಉಣ್ಣೆಗಿಂತ ಸುಮಾರು ಮೂರು ಪಟ್ಟು ಹೆಚ್ಚು ಶಾಖವಾಹಕ. ಪ್ರತಿಯೊಂದು ಜಂತೆಯೂ ಶಾಖಕ್ಕೊಂದು ಸೇತುವೆ. ಆದುದರಿಂದ ಜಂತೆಗಳಿಗೆ ಅಡ್ಡಲಾಗಿ ಪಟ್ಟಿಗಳನ್ನು ಹಾಕಿ, ಅವುಗಳ ನಡುವೆ ಎರಡನೆಯ ಪದರವನ್ನು ಹರಡಿ, ಬಳಿಕ ಹಲಗೆಗಳನ್ನು ಕೂರಿಸುವುದು ಯುಕ್ತ.

ತೇವವನ್ನೂ ಮರೆಯಬಾರದು. ಕೋಣೆಯ ನೀರಾವಿ ಮುಚ್ಚಿಗೆಯ ಸಂದುಗಳಿಂದ ಮೇಲೇರಿ, ತಣ್ಣನೆಯ ಸೂರಿನ ಹಲಗೆಗಳಿಗೆ ತಾಕಿ ಹನಿಗಟ್ಟುತ್ತದೆ. ಕ್ರಮೇಣ ಮರ ಕೊಳೆಯುತ್ತದೆ. ಆದಕಾರಣ ಉಣ್ಣೆಯನ್ನು ಹರಡುವ ಮುನ್ನ ಸಂದುಗಳನ್ನು ಮುಚ್ಚಬೇಕು. ಸೂರಿನಂಚಿನ ಗಾಳಿಕಂಡಿಗಳನ್ನು ತೆರೆದೇ ಇಡಬೇಕು.

ಅಟ್ಟವನ್ನು ವಾಸದ ಕೋಣೆಯಾಗಿಸುವುದಾದರೆ ನಿರೋಧಕ ಪದರವು ನೆಲದಿಂದ ಸೂರಿನ ಇಳಿಜಾರಿಗೆ ಹೋಗಬೇಕು. ಗೋಡೆ, ತಳಪಾಯಗಳ ಬಲವನ್ನೂ ಎಂಜಿನಿಯರರು ಪರೀಕ್ಷಿಸಬೇಕು. ಜಂತೆ ಎಷ್ಟೇ ಗಟ್ಟಿಯಾದರೂ ಅದರ ಮೇಲಿನ ಭಾರ ಕೊನೆಗೆ ಸೇರುವುದು ನೆಲವನ್ನೇ ಅಲ್ಲವೆ?