ಬ್ಲಾಕ್ ಇಲ್ಲವೆಂದ ಮಾತ್ರಕ್ಕೆ…

ಎದೆನೋವು ಬಂದಿತ್ತು, ಹೃದಯಸ್ನಾಯುವಿಗೆ ಪೆಟ್ಟಾದುದನ್ನು ಸೂಚಿಸುವ ಟ್ರೋಪೋನಿನ್ ರಕ್ತದಲ್ಲಿ ಏರಿತ್ತು, ಆಂಜಿಯೋಗ್ರಾಂನಲ್ಲಿ ಮಾತ್ರ ದೊಡ್ಡ ಬ್ಲಾಕ್ ಇಲ್ಲ. "ಗ್ಯಾಸ್ಟ್ರಿಕ್ ಇರಬೇಕು ಬಿಡಿ" ಎಂದು ಮನೆಗೆ ಹೊರಡಬೇಡಿ. ರೋಗಿ ಹೆಂಗಸಾದರಂತೂ ಈ ಮಾತು ಬಲುಬೇಗ ಬರುತ್ತದೆ! ದೊಡ್ಡ ಬ್ಲಾಕ್ ಇಲ್ಲದೆಯೂ ಹೀಗಾಗುವುದನ್ನು ವೈದ್ಯರು ಮಿನೋಕಾ ಎನ್ನುತ್ತಾರೆ. ಆಂಜಿಯೋಗ್ರಾಂ ತೋರಿಸುವುದು ರಕ್ತ ಹರಿಯುವ ದಾರಿಯನ್ನು. ನಾಳದ ಗೋಡೆಯೊಳಗಿನ ಕೊಬ್ಬು ಬಿರಿದದ್ದು ಅದಕ್ಕೆ ಕಾಣದೇ ಹೋಗಬಹುದು. ನಾಳದೊಳಗೇ ಇಳಿದು ನೋಡುವ ಓಸಿಟಿ ಅದನ್ನು ಹಿಡಿಯುತ್ತದೆ. ಆಗಿರುವುದು ಹೃದಯಾಘಾತವೋ ಸ್ನಾಯುವಿನ ಉರಿಯೂತವೋ ಎಂಬುದನ್ನು ಹೃದಯದ ಎಂಆರ್‌ಐ ಬಹುಮಟ್ಟಿಗೆ ಬಿಡಿಸಿ ಹೇಳುತ್ತದೆ. 2021ರಲ್ಲಿ 'ಸರ್ಕ್ಯುಲೇಶನ್' ಪತ್ರಿಕೆಯಲ್ಲಿ ಬಂದ, ಹಾರ್ಮನಿ ರೆನಾಲ್ಡ್ಸ್ ತಂಡದ ಅಧ್ಯಯನದಲ್ಲಿ ಎರಡೂ ಪರೀಕ್ಷೆ ಸೇರಿ ಸುಮಾರು 85% ಮಹಿಳೆಯರಲ್ಲಿ ಕಾರಣ ಸಿಕ್ಕಿತ್ತು. ಕಾರಣ ಬೇರೆಯಾದರೆ ಮಾತ್ರೆಯೂ ಬೇರೆ. ಎಂಆರ್‌ಐ ಬೇಕೇ ಎಂದು ವೈದ್ಯರನ್ನು ಬೇಗ ಕೇಳಿ. ವಾರಗಳು ಉರುಳಿದರೆ ಊತ ಇಳಿದು ಸುಳಿವು ಮಸುಕಾಗುತ್ತದೆ.